ಶೂನ್ಯಸಂಪಾದನೆಯಲ್ಲಿ ಗೋಷ್ಠಿಧರ್ಮ

ಶೂನ್ಯಸಂಪಾದನೆಯನ್ನು ಕುರಿತು ನಮ್ಮಲ್ಲಿ ಬೆಳೆದು ಬಂದಿರುವ ವಿಚಾರವು ಬಹುಮಟ್ಟಿಗೆ ಎರಡು ದಾರಿಗಳನ್ನು ಹಿಡಿದಿದೆ. ಶಾಸ್ತ್ರಜ್ಞರು ಅದನ್ನು ಷಟ್‌ಸ್ಥಲಸಿದ್ಧಾಂತದ ಆಕರಗ್ರಂಥವೆಂದು ಓದುತ್ತಾರೆ. ರಸಿಕರಾದವರು ಅದರಲ್ಲಿ ನಾಟಕದ ಗುಣವನ್ನು ಕಂಡು, ಪ್ರಭುದೇವನನ್ನು ನಾಯಕನನ್ನಾಗಿಯೂ ಉಳಿದ ಶರಣರನ್ನು ಪಾತ್ರಗಳನ್ನಾಗಿಯೂ ಎಣಿಸಿ ಸಂತೋಷಪಡುತ್ತಾರೆ. ಎರಡೂ ಸಾಧುವಾದ ದಾರಿಗಳೇ. ಆದರೆ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಿಕೊಂಡು ಹೋದವನಿಗೆ ಇನ್ನೊಂದು ವಿಷಯವು ಕಣ್ಣಿಗೆ ಬೀಳದೆ ಇರದು. ಹತ್ತು ಜನರು ಕೂಡಿ ಮಾತನಾಡುವುದು ಹೇಗೆ, ಆ ಮಾತು ಕೆಡದಂತೆ ಕಾಯುವವರು ಯಾರು, ಕಾಯುವವನನ್ನು ಕಾಯುವವರು ಯಾರು, ಅವರೆಲ್ಲ ಕೂಡಿದ ಮನೆಯು ಯಾರದು ಎಂಬ ಪ್ರಶ್ನೆಗಳು ಅದರ ಪುಟಪುಟದಲ್ಲಿಯೂ ಅಡಗಿವೆ. ಸಂಘವೊಂದರ ಪತ್ರಿಕೆಯಲ್ಲಿ ಈ ಮಾತನ್ನೆತ್ತುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ. ಅಧ್ಯಕ್ಷಪೀಠದ ಮೇಲೆಯೋ ಹಿಂದಿನ ಸಾಲಿನ ಜಮಖಾನೆಯ ಮೇಲೆಯೋ ಕುಳಿತು ಇಂಥ ತೊಡಕುಗಳನ್ನು ಅನುಭವಿಸದೆ ಇರುವವರು ನಮ್ಮ ವಾಚಕರಲ್ಲಿ ಕಡಿಮೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಲ್ಯಾಣದಲ್ಲಿ ಅನುಭವಮಂಟಪವೆಂಬ ಕಟ್ಟಡವೊಂದು ಇದ್ದಿತೆ, ಇಲ್ಲವೆ, ಇದ್ದರೆ ಅಲ್ಲಿ ನಿಜವಾಗಿ ಏನು ನಡೆಯಿತು ಎಂಬುದು ಇತಿಹಾಸಜ್ಞರ ಚರ್ಚೆಗೆ ಸೇರಿದುದು. ಅದರಲ್ಲಿ ನಾನು ಕೈಹಾಕುವುದಿಲ್ಲ. ನನ್ನ ಮುಂದಿರುವುದು ಗ್ರಂಥವು ಕಟ್ಟಿಕೊಟ್ಟಿರುವ ಗೋಷ್ಠಿ. ಶರಣರು ಬಾಳಿದುದು 12ನೆಯ ಶತಮಾನದಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲನೆಯ ಶೂನ್ಯಸಂಪಾದನೆಯನ್ನು ಸಂಕಲಿಸಿದುದು 15ನೆಯ ಶತಮಾನದ ಆದಿಭಾಗದಲ್ಲಿ. ಆತನ ತರುವಾಯ ಹಲಗೆಯಾರ್ಯನೂ, ಗುಮ್ಮಳಾಪುರದ ಸಿದ್ಧಲಿಂಗಯತಿಯೂ, ಗೂಳೂರ ಸಿದ್ಧವೀರಣ್ಣೊಡೆಯನೂ ಅದೇ ಗ್ರಂಥವನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಮೊದಲನೆಯದರಲ್ಲಿ ಸುಮಾರು ಒಂದು ಸಾವಿರವಿದ್ದ ವಚನಗಳು ಕೊನೆಯದರಲ್ಲಿ ಸುಮಾರು ಒಂದೂವರೆ ಸಾವಿರವಾದುವು. ಅಂದರೆ, ಆಡಿದವರು ಅಗಲಿ ಇನ್ನೂರು ಮುನ್ನೂರು ವರ್ಷಗಳಾದ ಮೇಲೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಂದರ್ಭದಲ್ಲಿ ಹುಟ್ಟಿದ ವಚನಗಳನ್ನು ಒಂದೆಡೆ ತಂದು, ಒಂದು ವಚನವು ಇನ್ನೊಂದಕ್ಕೆ ಉತ್ತರವಾಗುವಂತೆ ಜೋಡಿಸಿ, ನಡುನಡುವೆ ಸಣ್ಣ ಗದ್ಯದ ಕೊಂಡಿಗಳನ್ನು ಹಾಕಿ, ಸಂಕಲನಕಾರರು ಈ ಗೋಷ್ಠಿಯನ್ನು ನಡೆಸಿದ್ದಾರೆ. ಕಥೆಯೊಳಗೆ ಗೋಷ್ಠಿಯ ಅಧ್ಯಕ್ಷನು ಅಲ್ಲಮಪ್ರಭು. ಕಥೆಯ ಹೊರಗೆ ಈ ನಾಲ್ವರು. ಈ ಎರಡು ಬಗೆಯ ಅಧ್ಯಕ್ಷತೆಯೂ ಒಂದೇ ಧರ್ಮಕ್ಕೆ ನಡೆದುಕೊಂಡಿದೆಯೆ ಎಂಬುದು ನನ್ನ ವಿಚಾರ.

ಸಂವಾದಗ್ರಂಥವೆಂದೊಡನೆ ನಮ್ಮ ವಿದ್ವಾಂಸರಿಗೆ ಪ್ಲೇಟೋವಿನ ನೆನಪಾಗುವುದು ವಾಡಿಕೆಯಾಗಿದೆ. ಹೋಲಿಕೆಯು ಗೌರವದ್ದೇ, ಆದರೆ ಅದು ಮುಖ್ಯವಾದುದನ್ನು ಮರೆಮಾಡುತ್ತದೆ. ಪ್ಲೇಟೋವಿನ ಸಂವಾದಗಳಲ್ಲಿ ಸಾಕ್ರಟೀಸನ ಮಾತನ್ನು ಬರೆದವನೂ ಪ್ಲೇಟೋ, ಎದುರಾಳಿಯ ಮಾತನ್ನು ಬರೆದವನೂ ಪ್ಲೇಟೋ. ಎದುರಾಳಿಯು ಎಷ್ಟು ಬಲವಾಗಿ ವಾದಿಸಬೇಕು, ಎಲ್ಲಿ ತಲೆಯಾಡಿಸಬೇಕು ಎಂಬುದೆಲ್ಲ ಒಬ್ಬನ ಕೈಯಲ್ಲಿದೆ. ಶೂನ್ಯಸಂಪಾದನೆಯಲ್ಲಿ ಹಾಗಿಲ್ಲ. ಮುಕ್ತಾಯಕ್ಕನ ಮಾತು ಮುಕ್ತಾಯಕ್ಕನದು; ಅಕ್ಕಮಹಾದೇವಿಯ ಮಾತು ಅಕ್ಕಮಹಾದೇವಿಯದು. ಸಂಕಲನಕಾರನು ಅವನ್ನು ಎಲ್ಲಿಡಬೇಕೆಂದು ನಿರ್ಣಯಿಸಬಲ್ಲನೇ ಹೊರತು, ದುರ್ಬಲಗೊಳಿಸಲಾರನು. ಈ ಒಂದು ನಿರ್ಬಂಧದಿಂದಲೇ ಗ್ರಂಥಕ್ಕೆ ಒಂದು ಬಗೆಯ ಪ್ರಾಮಾಣಿಕತೆಯು ಬಂದಿದೆ. ಅಧ್ಯಕ್ಷನಾದ ಪ್ರಭುವು ಗೆಲ್ಲಬೇಕೆಂದು ಸಂಕಲನಕಾರನ ಮನಸ್ಸಿನಲ್ಲಿದ್ದಾಗಲೂ ಎದುರಿನವರ ವಚನವು ಕೆಲವೊಮ್ಮೆ ಪ್ರಭುವಿನ ವಚನಕ್ಕಿಂತ ಎತ್ತರವಾಗಿ ನಿಂತುಬಿಡುತ್ತದೆ.

ಹೋಲಿಸಲೇಬೇಕೆಂದಿದ್ದರೆ ನಮ್ಮ ನೆಲದ ಹಳೆಯ ಸಭೆಯೊಂದು ಹತ್ತಿರದಲ್ಲಿಯೇ ಇದೆ. ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಜನಕರಾಜನು ಬ್ರಹ್ಮವಾದಿಗಳ ಸಭೆಯನ್ನು ಕೂಡಿಸುತ್ತಾನೆ. ಕೊಂಬುಗಳಿಗೆ ಚಿನ್ನವನ್ನು ಕಟ್ಟಿದ ಸಾವಿರ ಗೋವುಗಳು ಗೆದ್ದವನ ಪಾಲಿಗೆ. ಯಾಜ್ಞವಲ್ಕ್ಯನು ವಾದಕ್ಕೆ ಮೊದಲೇ ಅವನ್ನು ಹೊಡೆದುಕೊಂಡು ಹೋಗೆಂದು ಶಿಷ್ಯನಿಗೆ ಹೇಳುತ್ತಾನೆ. ಗಾರ್ಗಿಯು ಪ್ರಶ್ನೆಯ ಮೇಲೆ ಪ್ರಶ್ನೆಯನ್ನು ಹಾಕುತ್ತ ಹೋದಾಗ, ಇನ್ನು ಹೆಚ್ಚು ಕೇಳಿದರೆ ನಿನ್ನ ತಲೆ ಬಿದ್ದೀತೆಂದು ಆಕೆಯನ್ನು ತಡೆಯುತ್ತಾನೆ. ಶಾಕಲ್ಯನ ತಲೆಯು ನಿಜವಾಗಿಯೂ ಬೀಳುತ್ತದೆ. ಆ ಸಭೆಯ ತತ್ತ್ವವು ಎಷ್ಟೇ ಉನ್ನತವಾಗಿರಲಿ, ಸಭೆಯು ರಾಜನದು, ಪಣವು ರಾಜನದು, ಸೋತವನ ಗತಿಯು ಘೋರವಾದುದು. ಕಲ್ಯಾಣದ ಗೋಷ್ಠಿಯಲ್ಲಿ ಗೋವುಗಳಿಲ್ಲ. ಗೆದ್ದವನಿಗೆ ಏನೂ ಸಿಕ್ಕುವುದಿಲ್ಲ. ಸೋತವನ ತಲೆಯು ಕತ್ತಿನ ಮೇಲೆಯೇ ಉಳಿಯುತ್ತದೆ. ಹೆಚ್ಚೇಕೆ, ಸೋತವನೆಂದು ಹೇಳಿಸಿಕೊಂಡವನೇ ಮುಂದಿನ ಪ್ರಸಂಗದಲ್ಲಿ ಎದ್ದು ನಿಂತು ಇನ್ನೊಬ್ಬರ ಪರವಾಗಿ ಮಾತನಾಡುತ್ತಾನೆ. ಇದು ಸಣ್ಣ ವ್ಯತ್ಯಾಸವಲ್ಲ.

ಪ್ರಭುದೇವನ ರೀತಿಯು ಸೌಮ್ಯವಾದುದೆಂದು ಮಾತ್ರ ಯಾರೂ ಹೇಳಲಾರರು. ಸೊನ್ನಲಿಗೆಯಲ್ಲಿ ಕೆರೆಗಳನ್ನು ಕಟ್ಟಿಸುತ್ತ, ದೇವಾಲಯಗಳನ್ನೆತ್ತಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದ ಸಿದ್ಧರಾಮನ ಬಳಿಗೆ ಹೋಗಿ, ಆತನನ್ನು ಒಡ್ಡನೆಂದು ಕರೆಯುತ್ತಾನೆ. ಕೆಲಸಗಾರರು ಕೆರಳಿ ಕಲ್ಲುಗಳನ್ನು ತೂರುತ್ತಾರೆ. ಸಿದ್ಧರಾಮನು ತಾನೇ ಬಂದು ಕೋಪದಿಂದ ಹಣೆಗಣ್ಣನ್ನು ತೆರೆಯುತ್ತಾನೆ. ಅದಕ್ಕೂ ಪ್ರಭುವು ಅಲುಗುವುದಿಲ್ಲ. ಆಮೇಲೆ ಮಾತು ಮೊದಲಾಗುತ್ತದೆ. ಇದನ್ನೋದಿ, ಕಟುವಾಗಿ ಮಾತನಾಡುವುದೇ ಅಧ್ಯಕ್ಷನ ಅಧಿಕಾರವೆಂದು ಯಾರಾದರೂ ತಿಳಿದರೆ ಅವರು ಪ್ರಸಂಗವನ್ನು ಅರ್ಧವಾಗಿ ಓದಿದರೆಂದೇ ಹೇಳಬೇಕು. ಪ್ರಭುವು ಈ ಮಾತನ್ನು ತನ್ನ ಪೀಠದ ಮೇಲೆ ಕುಳಿತು, ತನ್ನವರ ನಡುವೆ, ಒಬ್ಬಂಟಿಗನಾಗಿ ಬಂದ ಅತಿಥಿಗೆ ಆಡಿದುದಲ್ಲ. ಸಿದ್ಧರಾಮನ ಊರಿನಲ್ಲಿ, ಸಿದ್ಧರಾಮನ ಜನರ ನಡುವೆ, ತಾನೊಬ್ಬನೇ ನಿಂತು ಆಡಿದುದು. ಕಲ್ಲಿನ ಏಟು ಮೊದಲು ಬಿದ್ದುದು ಆಡಿದವನಿಗೆ. ಪೀಠದ ಆಸರೆಯನ್ನು ಪಡೆದ ಕಟುವಚನಕ್ಕೂ ಈ ಕಟುವಚನಕ್ಕೂ ಅಜಗಜಾಂತರ.

ಮುಕ್ತಾಯಕ್ಕನ ಪ್ರಸಂಗವಂತೂ ಇದಕ್ಕಿಂತ ಕಠಿನವಾದುದು. ಆಕೆಗೆ ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನು ತೀರಿಕೊಂಡಿದ್ದಾನೆ. ಗುಪ್ತಭಕ್ತನಾಗಿ ಬಾಳಿ, ಯಾರಿಗೂ ತನ್ನ ನೆಲೆಯನ್ನು ತೋರಗೊಡದೆ ಹೋದ ಅಣ್ಣನ ಮುಂದೆ ಆಕೆಯು ಅಳುತ್ತಿರುವಾಗ ಪ್ರಭುವು ಬಂದು ಪ್ರಶ್ನೆಗೆ ತೊಡಗುತ್ತಾನೆ. ಅಳುವವರ ಮುಂದೆ ತತ್ತ್ವವನ್ನು ಎತ್ತುವುದು ಸಲ್ಲದೆಂದು ನಮ್ಮ ಲೋಕರೂಢಿ. ಓದುವವನ ಮನಸ್ಸೂ ಮೊದಲು ಪ್ರಭುವಿನ ಮೇಲೆ ಸಿಟ್ಟುಗೊಳ್ಳುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಪ್ರಸಂಗವು ತಿರುಗಿಬೀಳುತ್ತದೆ. ಮುಕ್ತಾಯಕ್ಕನು ಪ್ರಭುವಿನ ಮೂಲಕ್ಕೇ ಕೊಡಲಿಯನ್ನಿಡುತ್ತಾಳೆ. ತಿಳಿದವನಾದರೆ ಮಾತೇಕೆ? ಮಾತನಾಡುವವನು ತಿಳಿದವನು ಹೇಗಾದಾನು? ಮಾತೇ ಇಲ್ಲದೆ ಮುಗಿದ ಅಜಗಣ್ಣನ ಎದುರಿನಲ್ಲಿ ನಿನ್ನ ಈ ವಾಗ್ಜಾಲಕ್ಕೆ ಬೆಲೆಯೇನು? ಇದು ಆಕೆಯ ಆಕ್ಷೇಪಣೆಯ ಸಾರ. ಗೋಷ್ಠಿಯನ್ನು ನಡೆಸುವವನಿಗೆ ಇದಕ್ಕಿಂತ ತೀಕ್ಷ್ಣವಾದ ಪ್ರಶ್ನೆಯಿಲ್ಲ. ಇದು ಗೋಷ್ಠಿಯೇ ಏತಕ್ಕೆಂಬ ಪ್ರಶ್ನೆ. ಯಾಜ್ಞವಲ್ಕ್ಯನಂತೆ ಪ್ರಭುವು ಆಕೆಯನ್ನು ತಡೆಯುವುದಿಲ್ಲ. ತನ್ನ ಮಾತಿಗೆ ತಾನು ಲೆಕ್ಕವನ್ನೊಪ್ಪಿಸುತ್ತಾನೆ. ಆಕೆಯು ಒಪ್ಪದೆ ಮತ್ತೆ ಅಣ್ಣನನ್ನೇ ಮುಂದಿಡುತ್ತಾಳೆ. ಆತನು ಮತ್ತೆ ಉತ್ತರಿಸುತ್ತಾನೆ. ಕೊನೆಗೆ ಆಕೆಯು ಒಪ್ಪಿದಳೆಂದು ಗದ್ಯವು ಹೇಳುತ್ತದೆ. ನನಗಂತೂ ಆಕೆಯ ಪ್ರಶ್ನೆಯು ಕೊನೆಯವರೆಗೂ ಪೂರ್ತಿಯಾಗಿ ಶಮನವಾದಂತೆ ತೋರುವುದಿಲ್ಲ. ಗ್ರಂಥದ ಉಳಿದ ಭಾಗವೆಲ್ಲವೂ ಒಂದು ಬಗೆಯಲ್ಲಿ ಆಕೆಗೆ ಕೊಡುತ್ತ ಹೋದ ಉತ್ತರವೇ ಆಗಿರಬಹುದು. ಇಷ್ಟು ದೊಡ್ಡ ಸಂಶಯವನ್ನು ಗ್ರಂಥದ ಮೊದಲ ಭಾಗದಲ್ಲಿಯೇ ಇಟ್ಟ ಸಂಕಲನಕಾರನ ಧೈರ್ಯವನ್ನು ಮೆಚ್ಚಬೇಕು.

ಪ್ರಭುವನ್ನು ಇತರರು ತಿದ್ದುವುದೂ ಉಂಟೆ ಎಂದು ಕೇಳಬಹುದು. ನೇರವಾಗಿ ತಿದ್ದುವುದು ವಿರಳ. ಆದರೆ ತಡೆದು ನಿಲ್ಲಿಸುವುದುಂಟು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ, ಏರುಜವ್ವನದ ಹೆಣ್ಣು ಇಲ್ಲಿಗೇಕೆ ಬಂದೆ, ನಿನ್ನ ಗಂಡನು ಯಾರು, ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಸಿಕೊಂಡುದೇಕೆ ಎಂದು ಪ್ರಭುವು ಒಂದರ ಮೇಲೊಂದು ಪ್ರಶ್ನೆಯನ್ನು ಹಾಕುತ್ತಾನೆ. ಇಂದಿನ ವಾಚಕರಿಗೆ ಈ ಪ್ರಶ್ನೆಗಳು ಸಹನೆಯನ್ನು ಮೀರಿದಂತೆ ತೋರುವುದು ಸಹಜ, ನನಗೂ ತೋರುತ್ತದೆ. ಅಕ್ಕನು ನಾಚಿ ಹಿಂಜರಿಯುವುದಿಲ್ಲ. ಮೈಯನ್ನು ಮರೆಸಿದುದು ತನಗಾಗಿಯಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಅರ್ಥವನ್ನು ಆಕೆಯು ಕೊಡುವಾಗ ಪ್ರಶ್ನೆಯ ಕುಂದು ಪ್ರಶ್ನೆ ಕೇಳಿದವರ ಕಡೆಗೆ ತಿರುಗುತ್ತದೆ. ಆ ಹೊತ್ತಿನಲ್ಲಿ ಬಸವಣ್ಣನೂ ಚೆನ್ನಬಸವಣ್ಣನೂ ಆಕೆಯ ಪರವಾಗಿ ಮಾತನಾಡುತ್ತಾರೆ. ಅಧ್ಯಕ್ಷನು ಪರೀಕ್ಷಿಸುತ್ತಿರುವಾಗ ಹೊಸಬಳ ಪಕ್ಕದಲ್ಲಿ ನಿಲ್ಲುವ ಹಿರಿಯರು ಆ ಸಭೆಯಲ್ಲಿದ್ದರು. ಎಷ್ಟು ಸಭೆಗಳಲ್ಲಿ ಇದನ್ನು ಕಂಡಿದ್ದೇವೆ? ಅಧ್ಯಕ್ಷರ ಮುಖವನ್ನು ನೋಡಿ ನಗುವವರೂ ಸುಮ್ಮನಾಗುವವರೂ ಹೆಚ್ಚು. ಕೊನೆಗೆ ಪ್ರಭುವೇ ಆಕೆಯ ನಿಲವನ್ನು ಸಭೆಯೆದುರಿನಲ್ಲಿ ಕೊಂಡಾಡುತ್ತಾನೆ. ಕಠಿನವಾಗಿ ಕೇಳಿದವನ ಬಾಯಿಂದಲೇ ಮನ್ನಣೆಯು ಬರಬೇಕೆಂಬುದು ಈ ಗೋಷ್ಠಿಯ ಅಲಿಖಿತ ನಿಯಮ.

ಇಲ್ಲಿ ಅಂಕಿತದ ವಿಷಯವನ್ನು ಎತ್ತಬೇಕಾಗಿದೆ. ಶೂನ್ಯಸಂಪಾದನೆಯಲ್ಲಿ ಹೆಸರಿಲ್ಲದ ಮಾತೆಂಬುದು ಇಲ್ಲ. ಗದ್ಯವು ಇಂಥವರು ನುಡಿದರೆಂದು ಹೇಳದೆ ಇದ್ದರೂ ವಚನದ ಕೊನೆಯಲ್ಲಿ ನಿಂತಿರುವ ಅಂಕಿತವೇ ಆಡಿದವರನ್ನು ಹಿಡಿದುಕೊಡುತ್ತದೆ. ಗುಹೇಶ್ವರನೆಂದರೆ ಪ್ರಭು, ಕೂಡಲಸಂಗಮದೇವನೆಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ. ಆದರೆ ಈ ಅಂಕಿತವು ಆಡಿದವನ ಹೆಸರಲ್ಲ, ಆಡಿದವನ ದೇವರ ಹೆಸರು. ಮಾತಿಗೆ ಹೊಣೆಯು ಆಡಿದವನದು, ಮಾತಿನ ಒಡೆತನವು ಆತನದಲ್ಲ. ಮುಕ್ತಾಯಕ್ಕನ ಅಂಕಿತದಲ್ಲಂತೂ ಅಜಗಣ್ಣನೇ ಇದ್ದಾನೆ; ಅಗಲಿದ ಅಣ್ಣನ ಹೆಸರಿನ ಮುದ್ರೆಯನ್ನೊತ್ತಿಯೇ ಆಕೆಯು ಪ್ರಭುವಿನೊಡನೆ ವಾದಿಸುತ್ತಾಳೆ. ಪ್ರಭುವು ಉತ್ತರಿಸುವಾಗ ತನ್ನ ಅಂಕಿತದ ಬಳಿಯಲ್ಲಿಯೇ ಎದುರಿನವರ ಹೆಸರನ್ನೂ ತರುವುದುಂಟು. ಹೀಗೆ ಒಬ್ಬರ ಮುದ್ರೆಯಲ್ಲಿ ಇನ್ನೊಬ್ಬರಿಗೆ ಸ್ಥಳವನ್ನು ಮಾಡಿಕೊಡುವ ಪದ್ಧತಿಯನ್ನು ಅಲಂಕಾರಶಾಸ್ತ್ರದವರು ಗಮನಿಸಿದಂತೆ ಕಾಣೆ. ಇದನ್ನು ವಿಸ್ತಾರವಾಗಿ ನೋಡಬೇಕಾದ ಕೆಲಸವು ಬೇರೆಯೇ ಇದೆ.

ಇನ್ನು ಮನೆಯು ಯಾರದೆಂಬ ಪ್ರಶ್ನೆ. ಬಸವಣ್ಣನು ಬಿಜ್ಜಳನ ಭಂಡಾರಿ. ಮಹಾಮನೆಯಲ್ಲಿ ಉಣ್ಣುವವರು ಸಾವಿರಾರು, ಉಣಿಸುವವನು ಒಬ್ಬ. ಉಣಿಸಿದವನ ಮಾತೇ ಸಭೆಯಲ್ಲಿ ನಡೆಯುವುದೆಂಬುದು ಲೋಕದ ನ್ಯಾಯ. ದೊಡ್ಡ ಮನಸ್ಸಿನ ಧನಿಕರೊಬ್ಬರ ಔದಾರ್ಯದಿಂದ ಬೆಳೆದ ಸಂಘವು ಆ ಧನಿಕರ ಮುಖದ ಸುಕ್ಕನ್ನು ನೋಡುತ್ತ ನೋಡುತ್ತ ಕೊನೆಗೆ ಅವರ ಅಂಗಳದ ಅಲಂಕಾರವಾಗಿಬಿಡುವುದನ್ನು ಕಾಣದವರಾರು! ಶೂನ್ಯಸಂಪಾದನೆಯು ಈ ಅಪಾಯವನ್ನು ಚೆನ್ನಾಗಿ ಅರಿತಿದೆ. ಅದು ಇದನ್ನು ಉಪದೇಶದಿಂದ ಬಿಡಿಸದೆ ಅಕ್ಕಿಯ ಕಾಳಿನಿಂದ ಬಿಡಿಸುತ್ತದೆ.

ಆಯ್ದಕ್ಕಿ ಮಾರಯ್ಯನ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಪ್ರಭುವಿನೊಡನೆ ಅನುಭಾವದ ಮಾತಿನಲ್ಲಿ ಮುಳುಗಿ, ಹೊತ್ತು ಹೋದುದೂ ಕಾಯಕವು ನಿಂತುದೂ ಆತನಿಗೆ ತಿಳಿಯುವುದಿಲ್ಲ. ಆಡುತ್ತಿದ್ದ ಮಾತಾದರೋ ಕಾಯಕದ ಹಿರಿಮೆಯನ್ನು ಕುರಿತದ್ದು. ಹೆಂಡತಿಯಾದ ಲಕ್ಕಮ್ಮನು ಬಂದು, ಕಾಯಕ ನಿಂತಿದೆ, ಏಳಿ ಎಂದು ಎಚ್ಚರಿಸಬೇಕಾಗುತ್ತದೆ. ಗ್ರಂಥದಲ್ಲಿ ಇದಕ್ಕಿಂತ ಸವಿಯಾದ ಹಾಸ್ಯವು ಇನ್ನೊಂದೆಡೆಯಿಲ್ಲ. ಗೋಷ್ಠಿಯ ರುಚಿಯು ಗೋಷ್ಠಿಗೆ ಆಧಾರವಾದ ದುಡಿಮೆಯನ್ನೇ ನುಂಗುವುದನ್ನು ಕಂಡು ಹೇಳಿದವಳು ಸಭೆಯಲ್ಲಿ ಕುಳಿತವಳಲ್ಲ, ಮನೆಯಲ್ಲಿ ಒಲೆಯನ್ನು ನೋಡುತ್ತಿದ್ದವಳು. ಅವಸರದಿಂದ ಓಡಿಹೋದ ಮಾರಯ್ಯನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಲಕ್ಕಮ್ಮನು ಅದನ್ನು ಒಪ್ಪುವುದಿಲ್ಲ. ಈ ಹೆಚ್ಚಿನ ಆಸೆಯು ನಮಗೇಕೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂಬ ಭಾವದಿಂದ ಹಿಂದಕ್ಕೆ ಕಳುಹುತ್ತಾಳೆ. ಬಸವಣ್ಣನ ಅಂಗಳದ ಆ ಒಂದು ಹಿಡಿ ಅಕ್ಕಿಯು ಹಿಂದಿರುಗಿದಾಗ ಬಸವಣ್ಣನ ಮಹಾದಾಸೋಹಕ್ಕೆ ಒಂದು ಮೇರೆಯು ಬಿದ್ದಂತಾಯಿತು. ಉಣಿಸುವವನ ಹಂಗು ಇಲ್ಲಿಗೆ ಮುಗಿಯಿತು, ಮುಂದೆ ನಾವು ಸರಿಸಮಾನರು ಎಂಬ ಗೆರೆಯದು.

ನುಲಿಯ ಚಂದಯ್ಯನ ಪ್ರಸಂಗವು ಇದೇ ಗೆರೆಯನ್ನು ಇನ್ನೂ ಮುಂದಕ್ಕೆ ಎಳೆಯುತ್ತದೆ. ಹಗ್ಗ ಹೊಸೆಯಲು ಹುಲ್ಲನ್ನು ಕೊಯ್ಯುತ್ತಿರುವಾಗ ಆತನ ಇಷ್ಟಲಿಂಗವು ಕಳಚಿಬೀಳುತ್ತದೆ. ಆತನು ಎತ್ತಿಕೊಳ್ಳದೆ ಹೊರಟುಬಿಡುತ್ತಾನೆ. ಲಿಂಗವೇ ಬೆನ್ನುಹತ್ತಿ ಬೇಡುತ್ತದೆ. ಮಡಿವಾಳ ಮಾಚಯ್ಯನು ನಡುವೆ ಬಂದು, ಇದು ತಪ್ಪೆಂದು ವಾದಿಸಿ, ಒಪ್ಪಂದಕ್ಕೆ ತರುತ್ತಾನೆ. ಆ ಒಪ್ಪಂದದಂತೆ ಲಿಂಗವೂ ಕಾಯಕವನ್ನು ಮಾಡಬೇಕು, ಹಗ್ಗವನ್ನು ಹೊತ್ತು ಮಾರಿ ಬರಬೇಕು. ಬಸವಣ್ಣನು ಹಗ್ಗದ ಬೆಲೆಗಿಂತ ಹೆಚ್ಚಾಗಿ ಹೊನ್ನನ್ನು ಕೊಟ್ಟಾಗ ಚಂದಯ್ಯನು ಸಂತೋಷಪಡುವುದಿಲ್ಲ, ಸಿಟ್ಟಾಗುತ್ತಾನೆ. ಕಾಯಕದಿಂದ ಬಿಡುಗಡೆಯು ಗುರುವಿಗೂ ಇಲ್ಲ, ಲಿಂಗಕ್ಕೂ ಇಲ್ಲ, ಜಂಗಮಕ್ಕೂ ಇಲ್ಲ ಎಂಬುದು ಆತನ ಸಿದ್ಧಾಂತ. ಈ ಪವಾಡದ ಕಥೆಯನ್ನು ನಂಬುವುದು ಬಿಡುವುದು ಓದುವವರ ಇಷ್ಟ. ಅದರ ಅಂತರಾರ್ಥವು ಮಾತ್ರ ಸ್ಪಷ್ಟವಾಗಿದೆ. ಯಾರು ಬಿಟ್ಟಿಯಾಗಿ ಕುಳಿತುಕೊಳ್ಳುವರೋ ಅವರು ದೇವರಾದರೂ ಸರಿಯೆ, ಈ ಗೋಷ್ಠಿಯಲ್ಲಿ ಅವರಿಗೆ ಸ್ಥಳವಿಲ್ಲ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಸೌದೆಯನ್ನು ಮಾರಿದ ಮೋಳಿಗೆಯ ಮಾರಯ್ಯನ ಪ್ರಸಂಗವನ್ನೂ ಇದರ ಜೊತೆಯಲ್ಲಿಯೇ ಓದಿಕೊಳ್ಳಬಹುದು.

ಉಣಿಸುವ ಬಸವಣ್ಣನು ಅಧ್ಯಕ್ಷಪೀಠವನ್ನು ಏರುವುದಿಲ್ಲವೆಂಬುದನ್ನೂ ಗಮನಿಸಬೇಕು. ಶೂನ್ಯಸಿಂಹಾಸನವನ್ನು ಮಾಡಿಸಿದವನು ಆತ. ಅದರ ಮೇಲೆ ಕುಳಿತವನು ಯಾವ ಸ್ವತ್ತೂ ಇಲ್ಲದ ಪ್ರಭು. ಆ ಪ್ರಭುವಾದರೂ ಅಲ್ಲಿಯೇ ಬೇರೂರುವುದಿಲ್ಲ. ಲೋಕಸಂಚಾರಕ್ಕೆ ಹೊರಟುಹೋಗುತ್ತಾನೆ, ಬಸವಣ್ಣನು ಹಂಬಲಿಸುತ್ತ ಕಾಯುತ್ತಾನೆ. ಪೀಠಕ್ಕೆ ಹಣವನ್ನು ಕೊಟ್ಟವನು ಪೀಠದಲ್ಲಿಲ್ಲ. ಪೀಠದಲ್ಲಿರುವವನಿಗೆ ಪೀಠವು ಬೇಕಾಗಿಲ್ಲ. ಪ್ರಭುವಿನ ಕಟುತ್ವವನ್ನು ಸಭೆಯು ಸಹಿಸಿದುದರ ಗುಟ್ಟು ಇಲ್ಲಿಯೇ ಇದೆಯೆಂದು ನನ್ನ ಊಹೆ. ಯಾವ ಗಳಿಗೆಯಲ್ಲಿಯಾದರೂ ಎದ್ದು ಹೋಗಬಲ್ಲವನು ನಮ್ಮನ್ನು ಗದರಿಸಿದರೆ ಅದರಲ್ಲಿ ಸ್ವಾರ್ಥದ ವಾಸನೆಯು ಇರುವುದಿಲ್ಲ.

ಹಾಗೆಂದು ಆ ಸಭೆಯಲ್ಲಿ ಮಾನಾಪಮಾನಗಳ ತೊಡಕೇ ಇರಲಿಲ್ಲವೆಂದಲ್ಲ. ಪ್ರಭುವೂ ಸಿದ್ಧರಾಮನೂ ಮೊದಲ ಸಲ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನು ಲಿಂಗಪೂಜೆಯಲ್ಲಿದ್ದಾನೆ. ತಾನು ಬರದೆ ಅಪ್ಪಣ್ಣನನ್ನು ಕಳುಹುತ್ತಾನೆ. ಪ್ರಭುವು ಒಳಗೆ ಕಾಲಿಡುವುದಿಲ್ಲ. ಅಲ್ಲಿಗೆ ಎಲ್ಲವೂ ಮುರಿದುಬೀಳಬಹುದಾಗಿತ್ತು. ಚೆನ್ನಬಸವಣ್ಣನು ವಯಸ್ಸಿನಲ್ಲಿ ಚಿಕ್ಕವನಾದರೂ ಬಸವಣ್ಣನಿಗೇ ಬುದ್ಧಿಯನ್ನು ಹೇಳಿ, ಆತನನ್ನು ಪೂಜೆಯಿಂದ ಎಬ್ಬಿಸಿ ಬಾಗಿಲಿಗೆ ಕರೆತರುತ್ತಾನೆ. ದೊಡ್ಡವರಿಬ್ಬರ ನಡುವೆ ನಿಂತು ಇಬ್ಬರಿಗೂ ಸತ್ಯವನ್ನು ಹೇಳಬಲ್ಲ ಚಿಕ್ಕವನೊಬ್ಬನಿಲ್ಲದ ಸಂಘವು ಎಷ್ಟು ದಿನ ಬದುಕೀತು? ನಮ್ಮ ವಿಮರ್ಶಕರು ಚೆನ್ನಬಸವಣ್ಣನನ್ನು ಶಾಸ್ತ್ರಕರ್ತನೆಂದು ಮಾತ್ರ ಮನ್ನಿಸುತ್ತಾರೆ. ಗ್ರಂಥದಲ್ಲಿ ಆತನು ಮಾಡುವ ಕೆಲಸವು ಅದಕ್ಕಿಂತ ಬಹಳ ಹೆಚ್ಚಿನದು.

ಇಷ್ಟು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು. ಗೋರಕ್ಷನ ಪ್ರಸಂಗದಲ್ಲಿ ಗೋಷ್ಠಿಯು ಗೋಷ್ಠಿಯಾಗಿ ಉಳಿಯುವುದಿಲ್ಲ. ಗೋರಕ್ಷನದು ವಜ್ರಕಾಯ, ಕತ್ತಿಯು ತಗುಲಿದರೆ ಖಣಿಲೆನ್ನುತ್ತದೆ. ಪ್ರಭುವಿನ ಮೈಯಲ್ಲಿ ಕತ್ತಿಯು ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ಚಿತ್ರವೇನೋ ಅದ್ಭುತವಾದುದು, ಚಾಮರಸನು ಪ್ರಭುಲಿಂಗಲೀಲೆಯ ಭಾಮಿನಿಯಲ್ಲಿ ಇಂಥವನ್ನು ಮಾಡಿದರೆ ಒಪ್ಪುತ್ತದೆ, ಅದು ಕಾವ್ಯ. ಮಾತಿಗೆ ಮಾತೇ ಉತ್ತರವೆಂದು ಗ್ರಂಥದುದ್ದಕ್ಕೂ ನಮ್ಮನ್ನು ಪಳಗಿಸಿದ ಸಂಕಲನಕಾರನು ಇಲ್ಲಿ ಕತ್ತಿಯಿಂದ ತೀರ್ಪನ್ನು ಹೇಳಿಸಿದುದು ನನಗೆ ಸರಿಬರಲಿಲ್ಲ. ಆಮೇಲೆ ನಡೆಯುವ ಬೋಧೆಯು ಎಷ್ಟೇ ಗಂಭೀರವಾಗಿದ್ದರೂ ಗೋರಕ್ಷನು ಆಗಲೇ ಸೋತುಬಿಟ್ಟಿದ್ದಾನೆ.

ಇದಕ್ಕಿಂತ ಗುರುತರವಾದುದು ಹಲಗೆಯಾರ್ಯನು ಮಾಡಿದ ಮಾರ್ಪಾಟು. ಮಹಾದೇವಯ್ಯನ ಮೊದಲ ಸಂಕಲನದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಗುವ ಪ್ರಸಂಗವಿಲ್ಲ. ಯೋಗಿಯಾಗಿದ್ದವನು, ಕೆರೆಗಳನ್ನು ಕಟ್ಟಿಸಿದವನು, ಪ್ರಭುವಿನೊಡನೆ ಕಲ್ಯಾಣಕ್ಕೆ ಬಂದು ತಾನಿದ್ದ ಹಾಗೆಯೇ ಗೋಷ್ಠಿಯಲ್ಲಿ ಕೂಡಿಕೊಳ್ಳುತ್ತಾನೆ. ಹಲಗೆಯಾರ್ಯನಿಗೆ ಇದು ಕೊರತೆಯಾಗಿ ಕಂಡಿತು. ಲಿಂಗವಿಲ್ಲದವನು ಶರಣರ ನಡುವೆ ಕುಳಿತುದು ಹೇಗೆಂಬ ಶಂಕೆಯನ್ನು ಆತನು ಗ್ರಂಥದೊಳಗೆ ತಂದು, ಚೆನ್ನಬಸವಣ್ಣನಿಂದ ದೀಕ್ಷೆಯನ್ನು ಮಾಡಿಸಿದನು. ಮುಂದಿನವರೂ ಅದೇ ದಾರಿಯನ್ನು ಹಿಡಿದರು. ಇಂದು ನಾವು ಸಾಮಾನ್ಯವಾಗಿ ಓದುವ ಗೂಳೂರ ಸಿದ್ಧವೀರಣ್ಣೊಡೆಯನ ಪಾಠದಲ್ಲಿ ಆ ಪ್ರಸಂಗವು ನೆಲೆಗೊಂಡಿದೆ. ಹಲಗೆಯಾರ್ಯನ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಚೆನ್ನಬಸವಣ್ಣನಿಂದ ತನಗೆ ದೀಕ್ಷೆಯಾಯಿತೆಂದು ಹೇಳುವ ವಚನಗಳು ಸಿದ್ಧರಾಮನ ಅಂಕಿತದಲ್ಲಿಯೇ ಇವೆ. ಅವುಗಳ ಪ್ರಾಚೀನತೆಯು ಪರೀಕ್ಷಿಸಬೇಕಾದ ವಿಷಯ. ಆತನು ಕುಚೇಷ್ಟೆಯಿಂದ ಮಾಡಿದನೆಂದು ನಾನು ಹೇಳುವುದಿಲ್ಲ. ಆತನ ಕಾಲಕ್ಕೆ ಸಮಯಾಚಾರದ ಗೆರೆಗಳು ಬಿಗಿಯಾಗಿದ್ದುವು. ಗೋಷ್ಠಿಯ ಪ್ರವೇಶದ ನಿಯಮವು ಖಚಿತವಾಗಬೇಕೆಂದು ಆತನು ಪ್ರಾಮಾಣಿಕವಾಗಿಯೇ ಬಯಸಿರಬೇಕು.

ಆದರೂ ಆ ಬಯಕೆಯ ಫಲವೇನಾಯಿತೆಂಬುದನ್ನು ನೋಡಿ. ಪ್ರಭುವು ಸಿದ್ಧರಾಮನನ್ನು ಗದರಿಸಿದಾಗ ಸಿದ್ಧರಾಮನಿಗೆ ಎದುರುತ್ತರವನ್ನು ಕೊಡುವ ಅವಕಾಶವಿತ್ತು. ಆತನು ಹಣೆಗಣ್ಣನ್ನೇ ತೆರೆದನು. ಹಲಗೆಯಾರ್ಯನು ತಿದ್ದಿದಾಗ ಸಿದ್ಧರಾಮನು ಸೊನ್ನಲಿಗೆಯಲ್ಲಿ ಐಕ್ಯನಾಗಿ ಮುನ್ನೂರು ವರ್ಷಗಳ ಸುಮಾರಾಗಿತ್ತು. ಸಭೆಯಲ್ಲಿ ಇರುವವನನ್ನು ಕೇಳುವುದು ಬೇರೆ. ಸಭೆಯು ಮುಗಿದ ಮೇಲೆ ಅದರ ಲೆಕ್ಕಪುಸ್ತಕವನ್ನು ತಿದ್ದುವುದು ಬೇರೆ. ಮೊದಲನೆಯದು ಎಷ್ಟೇ ಒರಟಾಗಿರಲಿ, ಅದಕ್ಕೆ ಸಾಕ್ಷಿಗಳಿದ್ದಾರೆ, ಅದನ್ನು ತಡೆಯುವ ಬಸವಣ್ಣ ಚೆನ್ನಬಸವಣ್ಣರಿದ್ದಾರೆ. ಎರಡನೆಯದು ಎಷ್ಟೇ ನಯವಾಗಿರಲಿ, ಅದು ಓಲೆಯ ಮೇಲೆ ಕಂಠದ ಮೊನೆಯಿಂದ ಸದ್ದಿಲ್ಲದೆ ನಡೆದುಹೋಗುತ್ತದೆ. ಇದ್ದ ಹಾಗೆಯೇ ಬಂದು ಕೂಡಿದ ಒಬ್ಬನೇ ಒಬ್ಬ ದೊಡ್ಡ ಹೊರಗಿನವನನ್ನು ಈ ಪರಿಷ್ಕರಣವು ಒಳಗಿನವರಲ್ಲಿ ಒಬ್ಬನನ್ನಾಗಿ ಮಾಡಿತು. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿದ ಗ್ರಂಥದಲ್ಲಿಯೇ ಹೆಚ್ಚಿನ ಓಲೆಗಳು ಸೇರಿಕೊಂಡುವು. ಅವನ್ನು ಹಿಂದಕ್ಕೆ ಕಳುಹುವವರಿರಲಿಲ್ಲ.

ಸಮಾಧಾನದ ವಿಷಯವೆಂದರೆ ಮೊದಲನೆಯ ಪಾಠವು ನಾಶವಾಗಲಿಲ್ಲ. ತಿದ್ದಿದವರು ಹಳೆಯ ಓಲೆಯನ್ನು ಸುಟ್ಟುಹಾಕಲಿಲ್ಲ. ನಾಲ್ಕೂ ಪಾಠಗಳು ಬೇರೆ ಬೇರೆ ಮನೆಗಳ ಜಂತೆಗಳಲ್ಲಿಯೂ ಮಠಗಳ ಪೆಟ್ಟಿಗೆಗಳಲ್ಲಿಯೂ ಉಳಿದು ಬಂದುವು. ವಿಜಯಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880-1964) ಊರೂರು ಅಲೆದು ಇಂಥ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರಡಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಸ್ವಂತದ ಹಣವನ್ನು ಅಚ್ಚುಕೂಟಕ್ಕೆ ಸುರಿದು, 1930ರಲ್ಲಿ ಗೂಳೂರ ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯನ್ನು ಪ್ರಕಟಿಸಿದರು. ಆ ಮೇಲೆ ಶಿ. ಶಿ. ಭೂಸನೂರಮಠರ ಪರಿಷ್ಕರಣವು 1958ರಲ್ಲಿ ಬಂದಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದಿತು. ಮಹಾದೇವಯ್ಯನ ಪಾಠವು ಅಚ್ಚಿನ ಮುಖವನ್ನು ಕಂಡುದು ಗೂಳೂರಿನವರ ಪಾಠಕ್ಕಿಂತ ಎಷ್ಟೋ ತಡವಾಗಿ. ಅಷ್ಟು ಹೊತ್ತಿಗೆ ದೀಕ್ಷೆ ಪಡೆದ ಸಿದ್ಧರಾಮನೇ ಎಲ್ಲರ ಮನಸ್ಸಿನಲ್ಲಿ ನಿಂತಿದ್ದನು.

ನಮ್ಮ ಗ್ರಂಥವಾಚನದ ಕೂಟಗಳಲ್ಲಿ ಶೂನ್ಯಸಂಪಾದನೆಯನ್ನು ಇಟ್ಟುಕೊಳ್ಳುವವರು ಸಿದ್ಧರಾಮನ ಭಾಗವನ್ನಾದರೂ ಎರಡು ಪಾಠಗಳಿಂದಲೂ ಓದಿಸಬೇಕೆಂದು ಬೇಡಿಕೊಳ್ಳುತ್ತೇನೆ. ಮೊದಲ ದಿನ ಮಹಾದೇವಯ್ಯನದನ್ನು, ಮರುದಿನ ಗೂಳೂರಿನದನ್ನು. ಎರಡಕ್ಕೂ ಸಮಾನವಾಗಿರುವ ವಚನಗಳು ಹಲವು. ಅವು ಇರುವ ಸ್ಥಳವು ಬದಲಾದಾಗ ಅವುಗಳ ದನಿಯು ಹೇಗೆ ಬದಲಾಗುವುದೆಂಬುದನ್ನು ಕಿವಿಯಿಂದಲೇ ಕೇಳಬಹುದು.